ಶುಗರಿಗೆ ಹಿತ್ತಲ ಮದ್ದು: ಶುರು ಮಾಡುವ ಮೊದಲು ಏನು, ಮಾಡಿದ ಮೇಲೆ ಏನು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಮೆಡಿಕಲ್ ಶಾಪಿನಲ್ಲಿ ಮದ್ದು ಕೊಡುವ ಕೆಲಸ ಮಾಡುತ್ತೇನೆ. ದಿನಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಚಕ್ಕರಕೊಲ್ಲಿ (ಮಧುನಾಶಿನಿ) ಎಲೆ ತಿಂದರೆ ಈ ಮಾತ್ರೆ ಬಿಡಬಹುದಾ?" ಕೆಲವರು ಮಾತ್ರೆ ಬಿಟ್ಟು ಹದಿನೈದು ದಿನ ಆದ ಮೇಲೆ ಬಂದು ಕೇಳುತ್ತಾರೆ. ಪೆರ್ಲದವರು, ನೀರ್ಚಾಲಿನವರು, ಮುಳ್ಳೇರಿಯದವರು, ಯಾರೇ ಬರಲಿ, ಪ್ರಶ್ನೆ ಅದೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳುತ್ತೇನೆ. ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನೀವಾಗಿ ಬಿಡಬಾರದು. ಹಾಗಂತ ಗಿಡಗಳಲ್ಲಿ ಏನೂ ಇಲ್ಲ ಅಂತಲ್ಲ. ಇವತ್ತು ಶುಗರ್ ಇರುವ ಹೆಚ್ಚಿನವರು ತಿನ್ನುವ ಮೆಟ್‌ಫಾರ್ಮಿನ್ ಇದೆಯಲ್ಲ, ಅದರ ಮೂಲವೇ ಒಂದು ಗಿಡ. ಯುರೋಪಿನ ಗಲೇಗಾ ಎಂಬ ಗಿಡದಲ್ಲಿದ್ದ ಒಂದು ರಾಸಾಯನಿಕದ ಜಾಡು ಹಿಡಿದು ಹೋಗಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ಅದನ್ನು ರೋಗಿಗಳಿಗೆ ಬಳಸಿ ವರದಿ ಮಾಡಿದರು. ಗಲೇಗಾವನ್ನು ಹಾಗೇ ತಿಂದರೆ ವಿಷ. ಶುದ್ಧ ಮಾಡಿ, ಅಳತೆ ಕಟ್ಟಿದ ಮೇಲೆ ಅದು ಮದ್ದಾಯಿತು. ಗಿಡದಲ್ಲಿ ಗುಣ ಇದೆ ಎಂದರೆ ಅದು ದೇಹದಲ್ಲಿ ಏನೋ ಕೆಲಸ ಮಾಡುತ್ತದೆ ಎಂದೇ ಅರ್ಥ. ಹಾಗಿದ್ದಾಗ ಮಾತ್ರೆಗೆ ಕೊಡುವಷ್ಟೇ ಎಚ್ಚರಿಕೆಯನ್ನು ಅದಕ್ಕೂ ಕೊಡಬೇಕು, ಅಲ್ವಾ?

ನಮ್ಮಲ್ಲಿ ಇದು ಸಣ್ಣ ವಿಷಯವೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಇಡೀ ದೇಶದ ವಯಸ್ಕರಲ್ಲಿ ಸಕ್ಕರೆ ಕಾಯಿಲೆ ಇರುವವರು ಶೇ. 11.4. ಕೇರಳದಲ್ಲಿ ಶೇ. 25.5. ನಾಲ್ವರಲ್ಲಿ ಒಬ್ಬರು.

1. ಮೊದಲು ನಿಮ್ಮ ನಂಬರು ತಿಳಿದುಕೊಳ್ಳಿ

ಟೆಸ್ಟ್ ಮಾಡಿಸದೆ ಯಾವ ಕಷಾಯವನ್ನೂ ಶುರು ಮಾಡಬೇಡಿ. ಈ ಮೂರು ಅಂಕಿ ಕೈಯಲ್ಲಿರಲಿ.

ಖಾಲಿ ಹೊಟ್ಟೆಯ ಶುಗರ್: 126 ಅಥವಾ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. 100ರಿಂದ 125ರವರೆಗೆ ಅದರ ಹೊಸ್ತಿಲು.

ಎಚ್‌ಬಿಎ1ಸಿ: ಕಳೆದ ಮೂರು ತಿಂಗಳ ಸರಾಸರಿ ಶುಗರ್ ಹೇಗಿತ್ತು ಎಂದು ತೋರಿಸುವ ರಕ್ತಪರೀಕ್ಷೆ ಇದು. 6.5 ಅಥವಾ ಜಾಸ್ತಿ ಇದ್ದರೆ ಕಾಯಿಲೆ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ತಪ್ಪಾಗಿ ಬರಬಹುದು. ಇದ್ದರೆ ಡಾಕ್ಟರಿಗೆ ಹೇಳಿ.

ಕ್ರಿಯಾಟಿನಿನ್: ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ. ಗಿಡಮದ್ದಿಗೆ ಇದ್ಯಾಕೆ ಎಂದು ಕೇಳಬೇಡಿ. ಕಾರಣ ಮುಂದೆ ಬರುತ್ತದೆ. ಜೊತೆಗೆ ಒಮ್ಮೆ ಲಿವರ್ ಪರೀಕ್ಷೆಯನ್ನೂ ಮಾಡಿಸಿಟ್ಟರೆ ಒಳ್ಳೆಯದು.

2. ಈಗ ತಿನ್ನುವ ಮಾತ್ರೆಯ ಹೆಸರು ಓದಿ

"ಬಿಳಿ ಮಾತ್ರೆ, ಊಟಕ್ಕೆ ಮೊದಲು" ಎಂದರೆ ಸಾಲದು. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮದ್ದಿನ ನಿಜವಾದ ಹೆಸರಿರುತ್ತದೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಮದ್ದು ಸೇರಿರುವುದೂ ಉಂಟು. ಓದಲು ಕಷ್ಟವಾದರೆ ಮಕ್ಕಳ ಹತ್ತಿರ ಓದಿಸಿ, ಇಲ್ಲವೇ ಮೆಡಿಕಲಿನಲ್ಲಿ ಕೇಳಿ. ಹೇಳಬೇಕಾದದ್ದು ನಮ್ಮ ಕೆಲಸ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂದಿದ್ದರೆ, ಅಥವಾ ನೀವು ಇನ್ಸುಲಿನ್ ಹಾಕಿಕೊಳ್ಳುವವರಾದರೆ, ಜಾಸ್ತಿ ಜಾಗ್ರತೆ ಬೇಕು. ಇವು ಒಂದೇ ಸಮನೆ ಶುಗರ್ ಇಳಿಸುವ ಮದ್ದುಗಳು. ಮೇಲಿಂದ ಗಿಡಮದ್ದೂ ಸೇರಿದರೆ ಶುಗರ್ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತಿನ್ನುವವರಿಗೆ ಆ ಭಯ ಕಡಿಮೆ.

3. ಇವರಿಗೆ ಈ ದಾರಿ ಬೇಡ

ಗರ್ಭಿಣಿಯರು ಮತ್ತು ಮೊಲೆಯೂಡಿಸುವ ತಾಯಂದಿರು. ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಮೇಲೆಯೇ ಬದುಕಿರುವ ಟೈಪ್ 1 ಕಾಯಿಲೆಯವರು. ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು. ರಕ್ತ ತೆಳುವಾಗಲು ವಾರ್ಫರಿನ್ ತಿನ್ನುವವರು. ಎರಡು ವಾರದೊಳಗೆ ಆಪರೇಷನ್ ಇರುವವರು.

ಟೈಪ್ 1ರ ಬಗ್ಗೆ ಇನ್ನೊಂದು ಮಾತು. ಆ ಮಕ್ಕಳ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಇಂಜೆಕ್ಷನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯ. ಯಾರು ಎಂಥ ಭರವಸೆ ಕೊಟ್ಟರೂ ದಯವಿಟ್ಟು ಇನ್ಸುಲಿನ್ ನಿಲ್ಲಿಸಬೇಡಿ.

4. ಯಾವ ಗಿಡ, ಒಳಗೆ ಏನಿದೆ

ಜನ ಹೆಚ್ಚು ಕೇಳುವ ಗಿಡಗಳನ್ನಷ್ಟೇ ಹೇಳುತ್ತೇನೆ.

ಮೆಂತ್ಯ. ನಾನು ಮೊದಲು ಹೇಳುವುದು ಇದನ್ನೇ. ಅಡುಗೆ ಮನೆಯಲ್ಲೇ ಇದೆ, ಕಲಬೆರಕೆ ಕಡಿಮೆ. ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಕಾಳಿನ ಸುತ್ತ ಲೋಳೆ ಬಂದಿರುತ್ತದಲ್ಲ, ಆ ಲೋಳೆಯೇ ಮುಖ್ಯ. ಅದು ಗ್ಯಾಲಕ್ಟೋಮ್ಯಾನನ್ ಎಂಬ ನಾರು. ಹೊಟ್ಟೆಯಲ್ಲಿ ಅನ್ನದ ಜೊತೆ ಬೆರೆತು, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ದಿನಕ್ಕೆ 25ರಿಂದ 100 ಗ್ರಾಂವರೆಗೆ ಕೊಟ್ಟಿದ್ದರು. ನಮ್ಮ ಒಂದು ಚಮಚ ಎಂದರೆ ಸುಮಾರು 4 ಗ್ರಾಂ. ಹಾಗಾಗಿ ಒಂದು ಚಮಚದಿಂದ ಪವಾಡ ಆಗುವುದಿಲ್ಲ. ಆದರೂ ಒಂದು ಚಮಚದಿಂದಲೇ ಶುರು ಮಾಡಿ, ಹೊಟ್ಟೆ ಒಗ್ಗಿದರೆ ಎರಡು ಚಮಚಕ್ಕೆ ಏರಿಸಿ. ನೆನೆಸಿದ ನೀರು ಮಾತ್ರ ಕುಡಿದು ಕಾಳು ಎಸೆಯುವವರಿದ್ದಾರೆ. ಹಾಗೆ ಮಾಡಬೇಡಿ, ನಾರು ಕಾಳಿನಲ್ಲೇ ಉಳಿದುಹೋಗುತ್ತದೆ. ಕಾಳು ಅಗಿದು ತಿನ್ನಿ, ಇಲ್ಲವೇ ದೋಸೆ ಹಿಟ್ಟಿಗೆ ಅರೆಯಿರಿ. ಸಕ್ಕರೆಯ ಪ್ರಮಾಣಕ್ಕೆ ಬ್ರೇಕ್ ಹಾಕುವ ಅದೇ ಲೋಳೆ ನಿಮ್ಮ ಮಾತ್ರೆಯನ್ನೂ ತಡೆಯಬಲ್ಲದು. ಮುಖ್ಯವಾಗಿ ಥೈರಾಯ್ಡ್ ಮಾತ್ರೆ ತಿನ್ನುವವರು ಮಧ್ಯೆ ನಾಲ್ಕು ಗಂಟೆ ಅಂತರ ಕೊಡಿ.

ಹಾಗಲಕಾಯಿ. ಇದರಲ್ಲಿ ಚರಾಂಟಿನ್ ಮತ್ತು ಪಾಲಿಪೆಪ್ಟೈಡ್-ಪಿ ಎಂಬ ವಸ್ತುಗಳಿವೆ. ಎರಡನೆಯದನ್ನು "ಸಸ್ಯದ ಇನ್ಸುಲಿನ್" ಎಂದು ಜಾಹೀರಾತಿನಲ್ಲಿ ಹೇಳುತ್ತಾರೆ. ಆದರೆ ಅದೊಂದು ಪ್ರೋಟೀನು. ತಿಂದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ. ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆ 2012ರಲ್ಲಿ ಹೇಳಿದ್ದು, ಹಾಗಲಕಾಯಿಯನ್ನು ಮದ್ದಾಗಿ ಸೂಚಿಸುವಷ್ಟು ಪುರಾವೆ ಇಲ್ಲ ಎಂದು. ತರಕಾರಿಯಾಗಿ ಬಹಳ ಒಳ್ಳೆಯದು. ಪಲ್ಯ ಮಾಡಿ, ಮೆಣಸ್ಕಾಯಿ ಮಾಡಿ, ಆದರೆ ಬೆಲ್ಲ ಹಿಡಿತದಲ್ಲಿರಲಿ. ಜ್ಯೂಸ್ ಮಾಡಿ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿಯುವುದು ಬೇಡ. ಅದರ ಬೀಜದಲ್ಲಿ ವೈಸಿನ್ ಎಂಬ ವಸ್ತು ಇದೆ. ಜಿ6ಪಿಡಿ ಕೊರತೆ ಎಂಬ ಹುಟ್ಟಿನಿಂದ ಬರುವ ದೋಷ ಇರುವವರಲ್ಲಿ ಅದು ರಕ್ತಕಣಗಳನ್ನೇ ಒಡೆಯಬಹುದು.

ತೊಂಡೆ. ತುಳುವಿನ ಮನೋಳಿ, ಮಲಯಾಳದ ಕೋವಕ್ಕ. ಬೆಂಗಳೂರಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯಾದದ್ದು. ಹೊಸದಾಗಿ ಕಾಯಿಲೆ ಪತ್ತೆಯಾಗಿ, ಇನ್ನೂ ಮಾತ್ರೆ ಶುರು ಮಾಡದ 60 ಮಂದಿ. ಅರ್ಧದಷ್ಟು ಜನರಿಗೆ 90 ದಿನ, ದಿನಕ್ಕೆ 1 ಗ್ರಾಂ ತೊಂಡೆ ಗಿಡದ ಸಾರ. ಉಳಿದವರಿಗೆ ನೋಡಲು ಹಾಗೆಯೇ ಇರುವ ಖಾಲಿ ಗುಳಿಗೆ. ಸಾರ ತಿಂದವರಲ್ಲಿ ಖಾಲಿ ಹೊಟ್ಟೆಯ ಶುಗರ್ ಶೇ. 16ರಷ್ಟು, ಊಟದ ನಂತರದ್ದು ಶೇ. 18ರಷ್ಟು ಇಳಿಯಿತು. ಇದನ್ನು ಸರಿಯಾಗಿ ಓದಬೇಕು. ಅವರದು ಆಗಷ್ಟೇ ಶುರುವಾದ ಕಾಯಿಲೆ. ಹತ್ತು ವರ್ಷ ಹಳೆಯ ಕಾಯಿಲೆಗೆ ಅದೇ ಲೆಕ್ಕ ಹಾಕಬೇಡಿ.

ಮಧುನಾಶಿನಿ. ಚಕ್ಕರಕೊಲ್ಲಿ ಎಂದರೂ ಇದೇ. ಒಂದು ಎಲೆ ಚೆನ್ನಾಗಿ ಅಗಿದು ಬಾಯಿ ಮುಕ್ಕಳಿಸಿ, ನಾಲಿಗೆಗೆ ಸಕ್ಕರೆ ಹಾಕಿ ನೋಡಿ. ಸಿಹಿಯೇ ಇಲ್ಲ. ಮರಳು ಬಾಯಿಗೆ ಹಾಕಿದ ಹಾಗೆ ಕಾಳು ಕಾಳಾಗಿ ಸಿಗುತ್ತದೆ, ಅಷ್ಟೇ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಾಗೆಯೇ ಇರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಹೋಗಿ ಕೂರುವುದೇ ಇದಕ್ಕೆ ಕಾರಣ. ಇದನ್ನು ನೋಡಿದವರಿಗೆ "ರಕ್ತದ ಸಕ್ಕರೆಯೂ ಹೀಗೇ ಮಾಯವಾಗುತ್ತದೆ" ಎನಿಸುವುದು ಸಹಜ. ಆದರೆ ನಾಲಿಗೆ ಬೇರೆ, ರಕ್ತ ಬೇರೆ. 1990ರಲ್ಲಿ ಮದ್ರಾಸಿನಿಂದ ಬಂದ ಅಧ್ಯಯನದಲ್ಲಿ 22 ಮಂದಿಗೆ ಮಾತ್ರೆಯ ಜೊತೆಗೇ ಎಲೆಯ ಸಾರ ಕೊಟ್ಟರು. 18ರಿಂದ 20 ತಿಂಗಳಾದ ಮೇಲೆ ಅವರಲ್ಲಿ 5 ಮಂದಿಗೆ ಮಾತ್ರೆ ಬಿಡಲು ಸಾಧ್ಯವಾಯಿತು. ಜಾಹೀರಾತಿನವರು ಆ ಐವರ ಕಥೆ ಮಾತ್ರ ಹೇಳುತ್ತಾರೆ. ಉಳಿದ 17 ಮಂದಿಗೆ ಮಾತ್ರೆ ಬೇಕೇ ಆಯಿತು. ಐವರೂ ಬಿಟ್ಟದ್ದು ವೈದ್ಯರ ಕಣ್ಣೆದುರು, ಒಂದೂವರೆ ವರ್ಷದ ಅವಧಿಯಲ್ಲಿ.

ಏಕನಾಯಕ. ಮಲಯಾಳದಲ್ಲಿ ಪೊನ್‌ಕೊರಂಡಿ. ಈ ಭಾಗದ ಆಯುರ್ವೇದ ವೈದ್ಯರು ಬರೆಯುವ ನಿಶಾಕತಕಾದಿ ಕಷಾಯದಲ್ಲಿ ಇದು ಸೇರುತ್ತದೆ. ಇದರ ಬೇರಿನಲ್ಲಿ ಸಲಾಸಿನಾಲ್ ಮತ್ತು ಕೊಟಲನಾಲ್ ಎಂಬ ವಸ್ತುಗಳಿವೆ. ಅನ್ನದ ಪಿಷ್ಟವನ್ನು ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ. ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆಯೂ ಮಾಡುವುದು ಇದನ್ನೇ. ಎರಡನ್ನೂ ಒಟ್ಟಿಗೆ ತಿಂದರೆ ಹೊಟ್ಟೆ ಉಬ್ಬರ, ಗ್ಯಾಸ್ ಖಂಡಿತ. ಕುಚ್ಚಿಲಕ್ಕಿ ಅನ್ನ ದಿನಕ್ಕೆ ಎರಡು ಹೊತ್ತು ಉಣ್ಣುವ ನಮಗೆ ಅರ್ಥ ಇರುವ ಗಿಡ ಇದು. ಆದರೆ ಬೇರು ತೆಗೆದರೆ ಬಳ್ಳಿಯೇ ಸಾಯುತ್ತದೆ. ಕಾಡಿನಿಂದ ಕಿತ್ತು ತರಬೇಡಿ.

ಹೊನ್ನೆ. ಮಲಯಾಳದ ವೇಂಗ, ಆಯುರ್ವೇದದ ವಿಜಯಸಾರ. ಐಸಿಎಂಆರ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೊಸದಾಗಿ ಕಾಯಿಲೆ ಬಂದ 97 ಮಂದಿಗೆ ದಿನಕ್ಕೆ 2ರಿಂದ 4 ಗ್ರಾಂ ಕೊಟ್ಟು, 12 ವಾರದಲ್ಲಿ 67 ಮಂದಿಯ ಶುಗರ್ ಹತೋಟಿಗೆ ಬಂತು. ಹೋಲಿಸಿ ನೋಡಲು ಖಾಲಿ ಗುಳಿಗೆಯ ಗುಂಪು ಅದರಲ್ಲಿ ಇರಲಿಲ್ಲ, ಅದು ನೆನಪಿರಲಿ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆ ಚಹಾದ ಬಣ್ಣ ಬಂದಿರುತ್ತದೆ. ಗಾಜಿಗೆ ಹಾಕಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಮಿನುಗು ಕಾಣುತ್ತದೆ. ನೀರಿಗೆ ಬಣ್ಣ ಬಿಡುವುದು ನಿಂತರೆ ಲೋಟದ ಕೆಲಸ ಮುಗಿಯಿತು. ಮಳೆಗಾಲದಲ್ಲಿ ಲೋಟದ ಒಳಗೆ ಬೂಷ್ಟು ಹಿಡಿಯುತ್ತದೆ, ದಿನಾ ತೊಳೆದು ಒಣಗಿಸಿ.

ಇನ್ಸುಲಿನ್ ಗಿಡ. ಈಗ ಮನೆ ಮನೆಯ ಅಂಗಳದಲ್ಲೂ ಇದೆ. ಇದರಲ್ಲಿ ಇನ್ಸುಲಿನ್ ಇಲ್ಲ, ಹೆಸರು ಮಾತ್ರ. ಎಲೆ ಹುಳಿ ಇರುತ್ತದೆ. ದಿನಾ ನಾಲ್ಕೈದು ಎಲೆ ತಿಂದು ಇನ್ಸುಲಿನ್ ಇಂಜೆಕ್ಷನ್ ಬಿಡುವುದು ಜೀವದ ಜೊತೆ ಆಟ.

5. ಸರಿಯಾದ ಗಿಡವನ್ನೇ ತನ್ನಿ

ಕಾಸರಗೋಡಿನ ಕನ್ನಡಿಗರಿಗೆ ಒಂದು ವಿಶೇಷ ತೊಂದರೆ ಇದೆ. ಗಿಡದ ಹೆಸರು ನಮಗೆ ಕನ್ನಡದಲ್ಲೋ ತುಳುವಿನಲ್ಲೋ ಗೊತ್ತು. ಪಚ್ಚಮರುಂದಿನ (ಹಸಿ ಗಿಡಮೂಲಿಕೆಯ) ಅಂಗಡಿಯಲ್ಲಿ ಬೋರ್ಡು, ಪ್ಯಾಕೆಟ್ ಎಲ್ಲ ಮಲಯಾಳ. ಹೆಸರು ಸ್ವಲ್ಪ ಆಚೀಚೆ ಆದರೆ ಬೇರೆಯೇ ಬೇರು ಮನೆಗೆ ಬರುತ್ತದೆ. ಒಂದು ಚೀಟಿಯಲ್ಲಿ ಎರಡೂ ಹೆಸರು ಬರೆದಿಟ್ಟುಕೊಳ್ಳಿ: ಮೆಂತ್ಯ ಎಂದರೆ ಉಲುವ, ಹಾಗಲ ಎಂದರೆ ಪಾವಯ್ಕ ಅಥವಾ ಕೈಪಕ್ಕ, ನೇರಳೆ ಎಂದರೆ ಞಾವಲ್, ಅರಸಿನ ಎಂದರೆ ಮಂಞಳ್. ಸಕ್ಕರೆ ಕಾಯಿಲೆಗೆ ಅಲ್ಲಿ ಪ್ರಮೇಹಂ ಎನ್ನುತ್ತಾರೆ. ಒಂದೇ ಭಾಷೆಯಲ್ಲೂ ಗೊಂದಲ ಇದೆ. ಕಿರಾತಕಡ್ಡಿ ಕೇಳಿದರೆ ಒಬ್ಬರು ನಮ್ಮ ನೆಲಬೇವು ಕೊಡುತ್ತಾರೆ, ಇನ್ನೊಬ್ಬರು ಹಿಮಾಲಯದಿಂದ ಬರುವ ಬೇರೆಯೇ ಗಿಡ ಕೊಡುತ್ತಾರೆ.

ಗುಡ್ಡದಲ್ಲಿ ಕಂಡ ಬಳ್ಳಿಯನ್ನು ಮಧುನಾಶಿನಿ ಇರಬಹುದು ಎಂದು ಅಗಿದು ಪರೀಕ್ಷೆ ಮಾಡಬೇಡಿ. ಅದೇ ಕುಟುಂಬದಲ್ಲಿ ವಿಷದ ಬಳ್ಳಿಗಳೂ ಇವೆ. ಗೊತ್ತಿದ್ದವರು ತೋರಿಸಿದ ಮೇಲೆ ಮಾತ್ರ ಬಾಯಿಗೆ ಹಾಕಿ. ಹೆಚ್ಚಿನ ಪಂಚಾಯತುಗಳಲ್ಲಿ ಸರ್ಕಾರಿ ಆಯುರ್ವೇದ ಡಿಸ್ಪೆನ್ಸರಿ ಇದೆ, ಅಲ್ಲಿ ಒಂದು ಕಡ್ಡಿ ತೋರಿಸಿ ಕೇಳಿ.

ಪ್ಯಾಕೆಟ್ ಕೊಳ್ಳುವುದಾದರೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಮುಗಿಯುವ ತಾರೀಕು ನೋಡಿ. ಲೇಬಲ್ ಇಲ್ಲದ ಡಬ್ಬಿಯ ಪುಡಿ ಬೇಡವೇ ಬೇಡ. "ಮೂರೇ ದಿನದಲ್ಲಿ ಶುಗರ್ ಇಳಿಯಿತು" ಎನ್ನುವ ಪುಡಿ ಕಂಡರೆ ನನಗೆ ಮೊದಲು ಬರುವ ಸಂಶಯ, ಅದರೊಳಗೆ ಶುಗರ್ ಮಾತ್ರೆಯನ್ನೇ ಅರೆದು ಹಾಕಿದ್ದಾರಾ ಎಂದು. ಅಂಥ ಕಲಬೆರಕೆ ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ಅಪರಾಧ. ಹಾಗೆ ಹೇಳುವವರ ಹತ್ತಿರ ಕೊಳ್ಳಬೇಡಿ. ಲೇಹ್ಯ, ಅರಿಷ್ಟಗಳಲ್ಲಿ ಬೆಲ್ಲ ಇರುತ್ತದೆ ಎಂಬುದನ್ನೂ ಮರೆಯಬೇಡಿ.

ಜ್ಯೂಸಿನ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳಬೇಕು. ಬಿಂಬುಳಿ ಎಂಬ ಹುಳಿಕಾಯಿ ನಮ್ಮ ಹಿತ್ತಲಲ್ಲಿ ಉದುರಿ ಬೀಳುವಷ್ಟು ಇದೆ. ಕೊಲೆಸ್ಟ್ರಾಲಿಗೆ, ಶುಗರಿಗೆ ಎಂದು ಅದರ ರಸ ಕುಡಿಯುವ ಅಭ್ಯಾಸ ಕೇರಳದಲ್ಲಿ ಹಬ್ಬಿತ್ತು. ಅದರಲ್ಲಿ ಆಕ್ಸಲೇಟ್ ಎಂಬ ಹುಳಿಯ ಅಂಶ ವಿಪರೀತ. ಹಾಗೆ ರಸ ಕುಡಿದು ಕಿಡ್ನಿ ಕೆಟ್ಟ 10 ಮಂದಿಯ ವಿವರವನ್ನು ಕೇರಳದ ವೈದ್ಯರೇ 2013ರಲ್ಲಿ ಪ್ರಕಟಿಸಿದರು. 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಮೀನು ಸಾರಿಗೋ ಚಟ್ನಿಗೋ ನಾಲ್ಕು ಬಿಂಬುಳಿ ಹಾಕಿದರೆ ಏನೂ ಆಗುವುದಿಲ್ಲ. ಲೋಟದಲ್ಲಿ ರಸ ಮಾತ್ರ ಬೇಡ. ಸೋರೆಕಾಯಿ ಜ್ಯೂಸ್ ಕುಡಿಯುವವರು ಮೊದಲು ಒಂದು ತುಂಡು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿ ವಿಷ, ಅದರಿಂದ ದೇಶದಲ್ಲಿ ಸಾವುಗಳಾಗಿವೆ. "ಕಹಿ ಇದ್ದಷ್ಟೂ ಶುಗರಿಗೆ ಒಳ್ಳೆಯದು" ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

6. ಒಂದೇ ಗಿಡ, ಒಂದು ಪುಸ್ತಕ

ನಾಲ್ಕು ಗಿಡ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಗುಣ, ಯಾವುದರಿಂದ ಹೊಟ್ಟೆನೋವು ಎಂದು ಗೊತ್ತಾಗುವುದೇ ಇಲ್ಲ. ಒಂದನ್ನು ಆರಿಸಿ. ಮಾತ್ರೆ ಹಾಗೇ ಇರಲಿ. ಊಟವೂ ಹಾಗೇ ಇರಲಿ. ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಬೈಯುತ್ತಾರೆ ಎಂದು ಹೆದರಿ ಮುಚ್ಚಿಡುವವರು ಬಹಳ. ಒಮ್ಮೆ ಬೈದರೂ ಪರವಾಗಿಲ್ಲ, ಹೇಳಿ. ಮುಚ್ಚಿಟ್ಟರೆ ಅವರು ಶುಗರ್ ಯಾಕೆ ಇಳಿಯಿತು ಎಂದು ತಿಳಿಯದೆ ಮದ್ದು ಬದಲಿಸಬೇಕಾಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಖಾಲಿ ಹೊಟ್ಟೆಯ ಶುಗರ್, ಊಟವಾಗಿ ಎರಡು ಗಂಟೆಯ ಶುಗರ್ ಬರೆಯಿರಿ. ಮೊದಲ ಎರಡು ವಾರ ಆದಷ್ಟು ದಿನಾ ನೋಡಿ, ಆಮೇಲೆ ವಾರಕ್ಕೆ ಎರಡು ಸಲ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಿ. ಅದು ಇಳಿದಿಲ್ಲ ಎಂದರೆ ಆ ಗಿಡ ನಿಮಗೆ ಕೆಲಸ ಮಾಡಿಲ್ಲ, ಬಿಟ್ಟುಬಿಡಿ. ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವ ಮಾತನ್ನು ಡಾಕ್ಟರ ಹತ್ತಿರವೇ ಆಡಿ.

ಮೀಟರಿನಲ್ಲಿ ನೋಡುವ ಮೊದಲು ಕೈ ಸೋಪು ಹಾಕಿ ತೊಳೆದು ಒರೆಸಿ. ಹಲಸಿನ ತೊಳೆ ಬಿಡಿಸಿದ ಬೆರಳಿಗೆ ಚುಚ್ಚಿದರೆ ಆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿ ಅಂಕಿ ಸುಮ್ನೆ ಮೇಲೆ ಹೋಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಹಾಳು. ಒಂದು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಗಟ್ಟಿ ಹಾಕಿ.

7. ಶುಗರ್ ತೀರಾ ಇಳಿದರೆ

ಬೆವರು, ನಡುಕ, ತಡೆಯಲಾಗದ ಹಸಿವು, ಎದೆ ಡವಡವ, ಮಾತು ತೊದಲುವುದು. ಮೀಟರಿನಲ್ಲಿ 70ಕ್ಕಿಂತ ಕಡಿಮೆ. ಇದು ಜಾಸ್ತಿ ಶುಗರಿಗಿಂತಲೂ ತುರ್ತಿನ ವಿಷಯ.

ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಯಾದ ಮೇಲೆ ಏನಾದರೂ ತಿನ್ನಿ.

ಏಕನಾಯಕ ಅಥವಾ ವೋಗ್ಲಿಬೋಸ್ ತಿನ್ನುವವರು ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಡಿ. ಅವರಿಗೆ ಅಡುಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಒಡೆದು ಗ್ಲೂಕೋಸ್ ಆಗಬೇಕಲ್ಲ, ಒಡೆಯುವ ಕಿಣ್ವವನ್ನೇ ಆ ಮದ್ದು ತಡೆದಿರುತ್ತದೆ. ನಮ್ಮ ದೊಡ್ಡಮ್ಮ ಗ್ಲಿಮೆಪಿರೈಡ್ ಜೊತೆ ಏಕನಾಯಕದ ಕಷಾಯವನ್ನೂ ಕುಡಿಯುತ್ತಿದ್ದರು. ಏಕಾದಶಿಗೆ ಊಟ ಬಿಟ್ಟ ರಾತ್ರಿ ಸೀರೆಯೆಲ್ಲ ಬೆವರಿನಲ್ಲಿ ಒದ್ದೆ, ಮೀಟರಿನಲ್ಲಿ 48. ಸಕ್ಕರೆ ನೀರು ಕೊಟ್ಟು ಕಾದರೂ ಅಂಕಿ ಮೇಲೆ ಬರಲಿಲ್ಲ. ಪಕ್ಕದ ಮನೆಯಿಂದ ಗ್ಲೂಕೋಸ್ ತಂದು ಕುಡಿಸಿದ ಮೇಲೆಯೇ ಕಣ್ಣು ಬಿಟ್ಟು ಮಾತಾಡಿದ್ದು. ಅವತ್ತಿನಿಂದ ನಾನು ಈ ಕಷಾಯದ ಬಗ್ಗೆ ಕೇಳಿದವರಿಗೆಲ್ಲ ಮೊದಲು ಗ್ಲೂಕೋಸ್ ಪುಡಿ ಮನೆಯಲ್ಲಿಡಿ ಎನ್ನುತ್ತೇನೆ.

ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗ್ಲಿಮೆಪಿರೈಡ್ ಥರದ ಮಾತ್ರೆ ತಿನ್ನುವವರಿಗೆ ಒಮ್ಮೆ ಸರಿಯಾದ ಮೇಲೂ ಶುಗರ್ ಪುನಃ ಇಳಿಯಬಹುದು. ಅವರನ್ನು ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

8. ಕೂಡಲೇ ನಿಲ್ಲಿಸಬೇಕಾದ ಸಂದರ್ಭ

ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಊಟ ಸೇರದಿರುವುದು: ಇದು ಲಿವರಿನ ಸೂಚನೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಲಿವರ್ ತೊಂದರೆ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಅದೇ ಹೌದಾ ಎಂಬ ಪ್ರಶ್ನೆ ಎತ್ತಿತು. ವಾದ ಏನೇ ಇರಲಿ, ಕಣ್ಣು ಹಳದಿಯಾದರೆ ಕಷಾಯ ನಿಲ್ಲಿಸಿ ಪರೀಕ್ಷೆ ಮಾಡಿಸಿ.

ಮೂತ್ರ ಕಡಿಮೆಯಾಗುವುದು, ಕಾಲು ಬಾತುಕೊಳ್ಳುವುದು, ನಿಲ್ಲದ ವಾಂತಿ: ಇದು ಕಿಡ್ನಿಯ ಸೂಚನೆ. ಮೊದಲ ಹಂತದಲ್ಲಿ ಕ್ರಿಯಾಟಿನಿನ್ ನೋಡಿ ಎಂದದ್ದು ಇದಕ್ಕೇ. ಹಳೆಯ ಅಂಕಿ ಇದ್ದರೆ ಹೊಸದನ್ನು ಅದರ ಜೊತೆ ಹೋಲಿಸಬಹುದು.

ಮೈ ತುರಿಕೆ, ದದ್ದು ಬಂದರೂ ನಿಲ್ಲಿಸಿ. ಜ್ವರ, ವಾಂತಿ ಬೇಧಿ ಆಗಿ ಊಟ ಸೇರದ ದಿನಗಳಲ್ಲಿ ಗಿಡಮದ್ದು ತೆಗೆದುಕೊಳ್ಳಬೇಡಿ.

ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಪಟ್ಟಿ, ನೋಟ್‌ಬುಕ್ಕು, ಜೊತೆಗೆ ಕಷಾಯದ ಬಾಟಲಿ ಅಥವಾ ಆ ಗಿಡದ ಒಂದು ಕಡ್ಡಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು ಮಲಯಾಳ ಮಾತ್ರ ಮಾತಾಡುವವರಾದರೆ, ಎರಡೂ ಹೆಸರು ಬರೆದಿಟ್ಟ ಆ ಚೀಟಿಯನ್ನೇ ಅವರ ಕೈಗೆ ಕೊಡಿ.